ಮೌಶಿ ಹುಡುಕುತ್ತಿದ್ದ ಹತ್ತನೆಯವರು

ಹೋದ ವಾರ ಬೆಳಗಾವಿಯ ಸದಾಶಿವನಗರದ ನಮ್ಮ ಆಫೀಸಿನಲ್ಲಿ ಊಟದ ಹೊತ್ತಿಗೆ ಸಹೋದ್ಯೋಗಿಯೊಬ್ಬರು ಡಬ್ಬಿಯ ಮುಚ್ಚಳ ತೆಗೆದರು. ನೆನೆಸಿದ ತೆಳು ಅವಲಕ್ಕಿ, ಹಸಿ ಕೊಬ್ಬರಿ, ಸಕ್ಕರೆ, ಏಲಕ್ಕಿ. ಮನೆಯಲ್ಲಿ ಮಕ್ಕಳಿಗೆಂದು ಕಲಸಿದ ಸಿಹಿ ಅವಲಕ್ಕಿ, ಅಷ್ಟೆ. ನನಗೆ ಮಾತ್ರ ಆ ಏಲಕ್ಕಿಯ ಹಿಂದಿನಿಂದ ಗುಲಾಬಿ ಎಸಳಿನ ವಾಸನೆಯೂ ಬರಬೇಕಿತ್ತು ಅನ್ನಿಸಿತು. ಬರಲಿಲ್ಲ... ಒಂದು ತುತ್ತು ತಿಂದವಳು ಏನೋ ನೆಪ ಹೇಳಿ ಎದ್ದು ಕಿಟಕಿಯ ಹತ್ತಿರ ನಿಂತೆ.

ನಂದಗಡದಿಂದ ಬೆಳಗಾವಿಗೆ ಕಾಲೇಜು ಓದಲು ಬಂದಾಗ ದಂಡಿನವರ ಹಳೆಯ ಬಡಾವಣೆಯಾದ ಕ್ಯಾಂಪಿನ ಒಂದು ಗಲ್ಲಿಯಲ್ಲಿ ಮಾಳಿಗೆಯ ಕೋಣೆ ಹಿಡಿದಿದ್ದೆ. ಎದುರುಮನೆಯಲ್ಲಿ ಮೌಶಿ ಒಬ್ಬರೇ ಇದ್ದರು. ಗಲ್ಲಿಗೆಲ್ಲ ಅವರು ಮೌಶಿಯೇ, ಮರಾಠಿಯಲ್ಲಿ ಚಿಕ್ಕಮ್ಮ. ಹಾಲು ಹಾಕುವವನಿಗೂ, ಪಕ್ಕದ ಮುಸಲ್ಮಾನರ ಮನೆಯ ಮೊಮ್ಮಕ್ಕಳಿಗೂ. ಊರಿನಲ್ಲಿ ಉಳಿದಿದ್ದ ಕೊನೆಯ ಯಹೂದಿ ಅವರು. ನಾನೋ, ಕಾಲೇಜಿನ ಚರ್ಚಾ ತಂಡದವಳು. ಪರ ಮಾತಾಡಬೇಕೋ ವಿರೋಧವೋ ಎಂಬುದನ್ನು ವೇದಿಕೆ ಹತ್ತುವ ಮುಂಚೆ ಚೀಟಿ ಎತ್ತಿ ತಿಳಿದುಕೊಳ್ಳುತ್ತಿದ್ದ ಕಾಲ. ದೇವರ ವಿಷಯ ಬಂದರೆ ಮಾತ್ರ ನನಗೆ ಚೀಟಿ ಬೇಕಿರಲಿಲ್ಲ, ಯಾವಾಗಲೂ ವಿರೋಧವೇ.

ರವಿವಾರ ಬೆಳಿಗ್ಗೆ ಮೌಶಿ ಹೊರಗಿನಿಂದ ಬಂದವರನ್ನು ಗಲ್ಲಿಯಲ್ಲಿ ನಡೆಸಿಕೊಂಡು ಹೋಗಿ ಹಳೆಯ ಯಹೂದಿ ಮನೆಗಳನ್ನು ತೋರಿಸುತ್ತಿದ್ದರು. ಯಾರೋ ಪ್ರವಾಸಿಯೊಬ್ಬ ಆ ಗಲ್ಲಿಯನ್ನು ಫೋನಿನ ನಕಾಶೆಗೆ ಏರಿಸಿ 'ಯಹೂದಿ ಕೇರಿ' ಎಂದು ಹೆಸರಿಟ್ಟಿದ್ದ. ಗೋವಾಕ್ಕೆ ಹೋಗುವವರು, ಬರುವವರು ಅದನ್ನು ನೋಡಿ ಇಳಿಯುತ್ತಿದ್ದರು. ಮೌಶಿ ಯಾರಿಂದಲೂ ಏನನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಸುಮ್ಮನೆ ಯಾರಾದರೂ ಬಿಸಿಲಲ್ಲಿ ಇಷ್ಟು ನಡೆಯುತ್ತಾರೆಯೇ? ಆ ಸಂಶಯವೇ ನನ್ನನ್ನು ಒಂದು ರವಿವಾರ ಅವರ ಗುಂಪಿಗೆ ಸೇರಿಸಿತು.

"ಇಲ್ಲೆ ನೋಡ್ರಿ, ಬಲಗಡೆ ಚೌಕಟ್ಟಿನ ಮ್ಯಾಲೆ ಓರೆ ಗುರುತು ಐತಲ್ಲ? ದೇವರ ವಚನ ಬರದ ಸುರುಳಿ ಇಟ್ಟ ಕೊಳವಿ ಇಲ್ಲೆ ಇತ್ತು," ಎಂದರು ಮೌಶಿ, ಬೇರೆ ಯಾರದೋ ಆಗಿಹೋಗಿದ್ದ ಮನೆಯೊಂದರ ಬಾಗಿಲಲ್ಲಿ ನಿಂತು.

"ಮೊಳಿ ಹೊಡದ ತೂತು ಅದು ಅಂತೀನಿ ನಾನು," ಎಂದೆ. "ಕ್ಯಾಲೆಂಡರ್ ಹಾಕಾಕ ಹೊಡದಿರಬೇಕು."

"ನಿಮ್ಮ ಮನ್ಯಾಗ ಬಾಗಲಾ ಚೌಕಟ್ಟಿಗೆ ಕ್ಯಾಲೆಂಡರ್ ಹಾಕ್ತೀರೇನವಾ? ತಾರೀಖ ನೋಡಿಕೊಂಡು ಒಳಗ ಹೋಗ್ತೀರಿ?"

ಗುಂಪು ನಕ್ಕಿತು. ನಾನು ಬಿಡಲಿಲ್ಲ. ಬೆರಳೆಣಿಕೆಯ ಮನೆಗಳಿಗೆ ಕೇರಿ ಎಂಬ ಹೆಸರು ಹೇಗೆ ಒಪ್ಪುತ್ತದೆ ಎಂದೆ.

"ಆ ನಾಲ್ಕ ಮನಿ ಮಂದಿ ಜಗಳಾ ತಗದ್ರ ಇಡೀ ಪ್ಯಾಟಿ ಸಪ್ಪಳ ಬರ್ತಿತ್ತು. ಕೇರಿ ಅನ್ನಾಕ ಇನ್ನೇನ ಬೇಕು? ಯಾವೂರಾಕಿ ನೀ?"

"ನಂದಗಡ."

"ಅದಕ್ಕ! ನಮ್ಮ ಖಾನಾಪುರ ತಾಲೂಕಿನ ನಾಲಗಿ. ಬಾ, ವಕೀಲಬಾಯಿ, ಮುಂದ ನಡಿ. ಹಿಂದ ನಿಂತು ಒದರಬ್ಯಾಡ."

ಅವತ್ತಿನಿಂದ ನಾನು ವಕೀಲಬಾಯಿ. ಮೌಶಿ ಹುಟ್ಟಿ ಬೆಳೆದದ್ದು ಖಾನಾಪುರದಲ್ಲಿ. ಅಪ್ಪ ಅಲ್ಲಿನ ರೇಲ್ವೆ ನೌಕರ. ತಮ್ಮನಿಗೂ ಅದೇ ನೌಕರಿ ಸಿಕ್ಕಿತು. ಮನೆಯಲ್ಲಿ ಮರಾಠಿ, ಬೀದಿಯಲ್ಲಿ ಕನ್ನಡ, ಪ್ರಾರ್ಥನೆಗೆ ಮಾತ್ರ ಹೀಬ್ರೂ. ಮೌಶಿ ಮದುವೆಯಾಗಲಿಲ್ಲ, ತಮ್ಮನೂ ಆಗಲಿಲ್ಲ. ಅವನು ತೀರಿಹೋದ ಮೇಲೆ ಈ ಕ್ಯಾಂಪಿನ ಮನೆಯಲ್ಲಿ ಅವರು ಒಬ್ಬರೇ ಉಳಿದರು. ಅವರ ವಾರದ ವಿಶ್ರಾಂತಿಯ ದಿನ ಆರಂಭವಾಗುವ ಶುಕ್ರವಾರ ಸಂಜೆ ನನ್ನ ಮಾಳಿಗೆಯಿಂದ ಅವರ ಊಟದ ಮೇಜು ಕಾಣುತ್ತಿತ್ತು. ದೀಪ ಹಚ್ಚಿ, ಎರಡೂ ಕೈಗಳಿಂದ ಕಣ್ಣು ಮುಚ್ಚಿಕೊಂಡು ಏನೋ ಹೇಳಿಕೊಳ್ಳುತ್ತಿದ್ದರು. ಕೈ ತೆಗೆದ ಮೇಲೆ ಮೇಜಿನ ಆಚೆಗೆ ಒಮ್ಮೆ ನೋಡುತ್ತಿದ್ದರು. ಅಲ್ಲಿ ಯಾರೂ ಇರುತ್ತಿರಲಿಲ್ಲ. ರವಿವಾರ ಗುಂಪನ್ನು ನಗಿಸುತ್ತಿದ್ದ ಹೆಂಗಸು ಅವರೇ ಎಂದು ನಂಬಲು ಆಗುತ್ತಿರಲಿಲ್ಲ.

ನಡಿಗೆಯ ಕೊನೆಗೆ ಅವರು ಗಂಡಸರನ್ನೆಲ್ಲ ಒಂದೇ ರೀತಿ ಕೇಳುತ್ತಿದ್ದುದನ್ನು ಕೆಲವು ವಾರಗಳಲ್ಲಿ ಗಮನಿಸಿದೆ. ಯಾವ ಮನೆತನ, ತಾಯಿಯ ಕಡೆಯವರು ಯಾರು, ಇಲ್ಲಿ ಎಷ್ಟು ದಿನ ಇರುತ್ತೀರಿ... ಉತ್ತರ ಕೇಳಿ ಮುಖ ಒಂದು ಗಳಿಗೆ ಅರಳಿ ಮತ್ತೆ ಬಾಡುತ್ತಿತ್ತು. ಒಂದು ಸಂಜೆ ಅವರ ಕಟ್ಟೆಯ ಮೇಲೆ ಕುಳಿತು ನೇರವಾಗಿಯೇ ಕೇಳಿದೆ. ಅವರೂ ನೇರವಾಗಿಯೇ ಹೇಳಿದರು.

ಸತ್ತವರಿಗಾಗಿ ಹೇಳುವ ಪ್ರಾರ್ಥನೆಯೊಂದಿದೆ, ಕದ್ದಿಶ್. ಅದನ್ನು ಹೇಳಬೇಕಾದರೆ ಹತ್ತು ಜನ ಯಹೂದಿ ಗಂಡಸರು ಕೂಡಬೇಕು. ಮೌಶಿಯ ತಮ್ಮ ಎಳೆಯ ವಯಸ್ಸಿನಿಂದಲೂ ರೇಲ್ವೆ ಪಾಸು ಜೇಬಲ್ಲಿಟ್ಟುಕೊಂಡು ಬೇರೆಯವರಿಗೆ ಹತ್ತನೆಯವನಾಗಲು ಓಡಾಡಿದವನಂತೆ. ಹುಬ್ಬಳ್ಳಿಯಲ್ಲಿ ಒಬ್ಬರು ಕಡಿಮೆ ಎಂದರೆ ಹುಬ್ಬಳ್ಳಿಗೆ, ಪುಣೆಯಲ್ಲಿ ಕಡಿಮೆ ಎಂದರೆ ಪುಣೆಗೆ. ಗುರುತಿಲ್ಲದವರ ಗೋರಿಗಳ ಮುಂದೆ ನಿಂತು ಬಂದವನು. ಅವನನ್ನು ಮಣ್ಣು ಮಾಡಿದ ದಿನ ಬೆಳಗಾವಿಯಲ್ಲಿ ಹತ್ತು ಜನ ಕೂಡಲಿಲ್ಲ.

"ಮುಂಬೈದಾಗ ಅಷ್ಟ ಮಂದಿ ಅದಾರಲ್ಲ. ಅಲ್ಲೆ ಹೇಳಸ್ರಿ," ಎಂದೆ.

"ಹೇಳಿಸೇನಿ. ಆದ್ರ ಅವ ಇಲ್ಲೆ ಮಲಗ್ಯಾನವಾ. ಎಲ್ಲಾರ ಬಾಜುಕ ಹೋಗಿ ನಿಂತಾನ ಅವ. ಅವನ ಬಾಜುಕ ಒಮ್ಮೆರೆ ಯಾರರೆ ನಿಲ್ಲಬ್ಯಾಡೇನು?"

ನಾನು ಆ ಪ್ರಾರ್ಥನೆಯ ಅರ್ಥ ಹುಡುಕಿ ಓದಿಕೊಂಡು ಮರುದಿನ ಮತ್ತೆ ಹೋದೆ. ಅದರಲ್ಲಿ ಸಾವಿನ ಮಾತೇ ಇಲ್ಲ, ಸತ್ತವನ ಹೆಸರೂ ಇಲ್ಲ, ಬರೀ ದೇವರ ಹೊಗಳಿಕೆ ಎಂದು ವಾದಿಸಿದೆ. ಒಂಬತ್ತು ಜನ ಹೇಳಿದರೆ ನಿಮ್ಮ ದೇವರಿಗೆ ಕಿವಿ ಕೇಳುವುದಿಲ್ಲವೇ ಎಂದೆ. ಬಂದವರಲ್ಲಿ ನಂಬಿಕೆ ಇಲ್ಲದವನೊಬ್ಬ ಇದ್ದರೆ ಏನು ಮಾಡುತ್ತೀರಿ ಎಂದೆ.

"ನಂಬಿಗಿ ಯಾರ ಕೇಳ್ಯಾರ? ಬಂದು ನಿಂತ್ರ ಆತು."

"ನಿಮ್ಮ ತಮ್ಮಗ ನೀವ ನಿಂತ್ರ ಲೆಕ್ಕಕ್ಕಿಲ್ಲ. ಗುರುತಿಲ್ಲದ ಗಂಡಸು ನಿಂತ್ರ ಲೆಕ್ಕ. ಇದ್ಯಾವ ನ್ಯಾಯ ಮೌಶಿ?"

ಅವರು ಸೋಸುತ್ತಿದ್ದ ಮೆಂತ್ಯ ಸೊಪ್ಪಿನಿಂದ ತಲೆ ಎತ್ತಲಿಲ್ಲ. "ನಾ ಎಣಿಸಾಕಿ," ಎಂದರು. "ಎಣಿಸಾವ್ರು ಒಬ್ರು ಬೇಕಲ್ಲ."

ಬೇರೆ ಯಾರಾದರೂ ಹಾಗೆ ಹೇಳಿದ್ದರೆ ಆ ಮಾತನ್ನು ಹರಿದು ಹಾಕುತ್ತಿದ್ದೆ. ಅವರೊಂದಿಗೆ ಆಗಲಿಲ್ಲ. ಆಮೇಲಿನ ರವಿವಾರಗಳಲ್ಲಿ ಗುಂಪು ಬಂದು ನಿಂತ ಕೂಡಲೇ ನನ್ನ ಕಣ್ಣೂ ಗಂಡಸರ ಮೇಲೆ ಹರಿಯತೊಡಗಿತು. ಒಬ್ಬರು, ಇಬ್ಬರು... ಒಮ್ಮೆ ಆರು ಜನ ಯಹೂದಿಗಳವರೆಗೂ ಬಂದರು. ಉಳಿದ ಬಹಳಷ್ಟು ವಾರ ಯಾರೂ ಇಲ್ಲ.

ನನ್ನ ಕೊನೆಯ ವರ್ಷದಲ್ಲಿ ಒಂದು ಫೋನು ಬಂತು. ಕೊಂಕಣದಿಂದ, ಮುಂಬೈಯಿಂದ ಯಾವತ್ತೋ ಇಸ್ರೇಲಿಗೆ ಹೋಗಿ ನೆಲೆಸಿದ್ದ ಹಿರಿಯರು ತಮ್ಮ ಹಳೆಯ ಊರುಗಳನ್ನು ನೋಡುತ್ತ ಬಸ್ಸಿನಲ್ಲಿ ಹೊರಟಿದ್ದರು. ರವಿವಾರ ಬೆಳಗಾವಿಗೆ ಬರುವವರಿದ್ದರು. ಮೌಶಿ ಫೋನಿನಲ್ಲೇ ಗಂಡಸರನ್ನು ಎಣಿಸಿದರು. ಇಟ್ಟ ಮೇಲೆ ಗಲ್ಲಿ ದಾಟಿ ಬಂದು ನನ್ನ ಮೆಟ್ಟಿಲ ಕೆಳಗೆ ನಿಂತು, "ವಕೀಲಬಾಯಿ, ಹತ್ತ ಮಂದಿ!" ಎಂದು ಕೂಗಿದರು. ಹುಡುಗಿಯಂಥ ದನಿ ಅದು.

ಹರಕೆ ತೀರಿದರೆ ಎಲಿಯಾಹು ಪ್ರವಾದಿಯ ಹೆಸರಿನಲ್ಲಿ ಮಲೀದಾ ಮಾಡುವುದು ಅವರ ಮಂದಿಯ ಪದ್ಧತಿ. ಅವಲಕ್ಕಿ, ಕೊಬ್ಬರಿ, ಸಕ್ಕರೆ, ಏಲಕ್ಕಿ ಕಲಸಿ, ಹಣ್ಣು ಜೋಡಿಸಿ, ಮೇಲೆ ಗುಲಾಬಿ ಎಸಳು. ರವಿವಾರ ಬೆಳಿಗ್ಗೆ ಅವರ ಅಡುಗೆಮನೆಯಲ್ಲಿ ಕೊಬ್ಬರಿ ತುರಿದವಳು ನಾನೇ. ಅವತ್ತು ಮೌಶಿ ನಡೆಸಿದಷ್ಟು ಅವಸರದ ನಡಿಗೆಯನ್ನು ಆ ಗಲ್ಲಿ ಕಂಡಿರಲಾರದು. ಚೌಕಟ್ಟಿನ ಗುರುತನ್ನು ತೋರಿಸಲೇ ಇಲ್ಲ. ಹಿಂದೊಮ್ಮೆ ಪ್ರಾರ್ಥನೆಯ ಕೋಣೆಯಾಗಿದ್ದು ಈಗ ಹೊಲಿಗೆ ಕ್ಲಾಸಾಗಿರುವ ಮನೆಯ ಮುಂದೆ, "ಇದು ನೋಡಿ, ಆಯಿತು, ನಡೆಯಿರಿ," ಎಂದರು ಮರಾಠಿಯಲ್ಲಿ. ಮುದುಕರು ಏದುಸಿರು ಬಿಡುತ್ತ ಹಿಂದೆ ಬಂದರು.

ಗಲ್ಲಿಯ ತುದಿಯಾಚೆ, ಗೋಡೆಯೊಳಗೆ ಅವರ ಸಣ್ಣ ಸ್ಮಶಾನ. ತಮ್ಮನ ಕಲ್ಲಿನ ಸುತ್ತ ಗಂಡಸರು ನಿಂತರು. ಮೌಶಿ ಬಾಯಲ್ಲೇ ಎಣಿಸಿ ಮತ್ತೆ ಎಣಿಸಿದರು. ಒಂಬತ್ತು. ಹತ್ತನೆಯವರು, ಬಿಳಿ ಟೋಪಿಯ ಎತ್ತರದ ಮುದುಕರೊಬ್ಬರು, ಗೇಟಿನ ಹೊರಗೇ ನಿಂತುಬಿಟ್ಟಿದ್ದರು. ಜೊತೆಯವರು ಕರೆದರು. ಅವರು ಬರುವುದಿಲ್ಲವೆಂದು ತಲೆಯಾಡಿಸಿದರು.

ನಾನು ಅವರ ಹತ್ತಿರ ಓಡಿದೆ. ನನ್ನ ಮರಾಠಿ ಖಾನಾಪುರದ ಮರಾಠಿ, ಆದರೂ ವಾದಕ್ಕೆ ಸಾಕಿತ್ತು. ನನಗೆ ಇದರಲ್ಲಿ ನಂಬಿಕೆ ಉಳಿದಿಲ್ಲ, ನಿಂತರೆ ಸುಳ್ಳಾಗುತ್ತದೆ ಎಂದರು ಅವರು. ನಂಬಿಕೆಯನ್ನು ಯಾರೂ ಕೇಳಿಲ್ಲ, ಬಂದು ನಿಂತರೆ ಸಾಕು ಎಂದೆ. ಅದು ಮೌಶಿಯ ಮಾತು. ಯಾವ ಚೀಟಿಯೂ ನನ್ನನ್ನು ಆ ಪಕ್ಷಕ್ಕೆ ಕಳಿಸಿರಲಿಲ್ಲ. ನೀವು ಹೀಬ್ರೂ ಒಂದಕ್ಷರ ಹೇಳಬೇಡಿ, ಎರಡು ನಿಮಿಷ ಕಲ್ಲಿನ ಹತ್ತಿರ ನಿಂತು ಬನ್ನಿ ಎಂದೆ. ಸತ್ತವನು ಎಷ್ಟೋ ಊರುಗಳಲ್ಲಿ ಹೀಗೆ ನಿಂತವನು ಎಂದೆ.

"ನಿನಗೆ ನಂಬಿಕೆ ಇದೆಯೇ?" ಎಂದು ಕೇಳಿದರು.

"ಇಲ್ಲ."

"ಆದರೂ ನನ್ನ ಜಾಗದಲ್ಲಿದ್ದಿದ್ದರೆ ನಿಲ್ಲುತ್ತಿದ್ದೆಯಾ?"

"ನಿಲ್ಲುತ್ತಿದ್ದೆ," ಎಂದೆ, ಒಂದು ಚಣವೂ ಯೋಚಿಸದೆ. ಯಾವ ಲೆಕ್ಕಕ್ಕೂ ಬಾರದ ಹೌದು ಅದು.

ಅವರು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. "ನನ್ನ ಮಗ ಸತ್ತಾಗ ನಾನು ಅದನ್ನು ಹೇಳಲಿಲ್ಲ ಮಗಳೇ," ಎಂದರು ಮೆಲ್ಲಗೆ. "ಎಲ್ಲರೂ ಬಂದಿದ್ದರು. ನಾನೇ ನಿಲ್ಲಲಿಲ್ಲ. ಅವನಿಗೆ ನಿಲ್ಲದವನು ಇಲ್ಲಿ ಹೇಗೆ ನಿಲ್ಲಲಿ?"

ತರ್ಕಕ್ಕೆ ಪ್ರತಿತರ್ಕ ಹೂಡುವುದನ್ನು ನನಗೆ ಕಲಿಸಿದ್ದರು. ಇದು ತರ್ಕವಾಗಿರಲಿಲ್ಲ. ಆದರೂ ಬಾಯಿ ತೆರೆದೆ. ಅಷ್ಟರಲ್ಲಿ ಮೌಶಿ ಬಂದು ನನ್ನ ಮೊಳಕೈ ಹಿಡಿದರು.

"ಸಾಕ ಬಿಡವಾ. ಎಳಕೊಂಡ ಬಂದ ನಿಲ್ಲಿಸಿದ ಮನಷ್ಯಾ ಗ್ವಾಡಿ ಇದ್ದಂಗ. ಗ್ವಾಡಿ ಇಲ್ಲೆ ಮದ್ಲ ನಾಲ್ಕ ಅದಾವು."

ಒಂಬತ್ತು ಜನರೂ ಯಾವುದೋ ಸ್ತೋತ್ರ ಓದಿದರು. ಅದನ್ನು ಎಷ್ಟು ಜನರಿದ್ದರೂ ಓದಬಹುದಂತೆ. ಕದ್ದಿಶ್ ಹೇಳಲಿಲ್ಲ. ಮನೆಗೆ ಬಂದ ಮೇಲೆ ಅವರಲ್ಲೊಬ್ಬರು ತಾಟನ್ನು ನೋಡಿ ಇದು ಮಲೀದಾ ಅಲ್ಲವೇ ಎಂದು ಕೇಳಿದರು. "ಅಲ್ಲ," ಎಂದರು ಮೌಶಿ, "ಬರೇ ಅವಲಕ್ಕಿ. ತಿನ್ರಿ." ಎಸಳುಗಳನ್ನು ಬೆರಳಿನಿಂದ ಒಂದೊಂದಾಗಿ ತೆಗೆದು ಪಕ್ಕಕ್ಕಿಟ್ಟರು. ವಾಸನೆ ಮಾತ್ರ ಅದರಲ್ಲೇ ಉಳಿದಿತ್ತು. ಬಿಳಿ ಟೋಪಿಯವರು ಕಟ್ಟೆಯ ಮೇಲೆ ಬೇರೆಯಾಗಿ ಕುಳಿತಿದ್ದರು. ಮೌಶಿ ಅವರಿಗೆ ತುಂಬಿದ ಬಟ್ಟಲು ಒಯ್ದುಕೊಟ್ಟು, ಪಕ್ಕದಲ್ಲೇ ಕುಳಿತು, ಮಗನ ಹೆಸರೇನು ಎಂದು ಕೇಳಿದರು. ಬಸ್ಸು ಹೊರಡುವವರೆಗೂ ಇಬ್ಬರೂ ಮಾತಾಡಿದರು. ಏನು ಮಾತಾಡಿದರೋ, ನಾನು ಹತ್ತಿರ ಹೋಗಲಿಲ್ಲ... ಆ ಸಂಜೆ ಮೌಶಿ ಕೊಬ್ಬರಿ ತುರಿಯುವ ಮಣೆ ತೊಳೆಯುತ್ತ, "ಇನ್ನ ಅಷ್ಟ ಮಂದಿ ಕೂಡಂಗಿಲ್ಲ," ಎಂದರು. ಅಳಲಿಲ್ಲ. ನಾನು ಮಣೆಯನ್ನು ಒರೆಸಿ ಮೂಲೆಗಿಟ್ಟೆ.

ಮರುವರ್ಷದ ಚಳಿಗಾಲದಲ್ಲಿ ಮೌಶಿ ನಿದ್ದೆಯಲ್ಲೇ ತೀರಿಕೊಂಡರು. ಮುಂಬೈಯಿಂದ ಇಬ್ಬರು ಸಂಬಂಧಿಕರು ಬಂದರು. ಗಲ್ಲಿಯ ಗಂಡಸರು ಹೆಗಲು ಕೊಟ್ಟರು. ತಮ್ಮನ ಪಕ್ಕದಲ್ಲೇ ಜಾಗ. ಮಣ್ಣು ಹಾಕಿದ ಮೇಲೆ ಆ ಇಬ್ಬರೂ ಸ್ತೋತ್ರ ಓದಿ ಪುಸ್ತಕ ಮುಚ್ಚಿದರು. ಪಕ್ಕದ ಮನೆಯ ಮುಸಲ್ಮಾನ ಅಜ್ಜ ಸುತ್ತ ನಿಂತವರನ್ನೆಲ್ಲ ತೋರಿಸಿ, "ನಾವ್ ಇಷ್ಟ ಮಂದಿ ಅದೀವಲ್ರೀ ಸಾಹೇಬ್ರ, ಸಾಲಂಗಿಲ್ಲೇನ್ರಿ?" ಎಂದು ಕೇಳಿದರು. ಮುಂಬೈಯವರು ಕೈ ಮುಗಿದರು. ಅವರ ಕಣ್ಣು ತುಂಬಿತ್ತು. ತಲೆ ಮಾತ್ರ ಇಲ್ಲವೆಂದೇ ಆಡಿತು. ನಿಯಮವನ್ನು ಪ್ರಶ್ನಿಸಲು ನನಗಿಂತ ತಯಾರಾದವರು ಆ ಗೋಡೆಯೊಳಗೆ ಇರಲಿಲ್ಲ. ಆದರೆ ಅದು ಮೌಶಿಯ ನಿಯಮ. ಅವರನ್ನು ಮಣ್ಣಿಗಿಟ್ಟ ದಿನ ಅದರ ವಿರುದ್ಧ ಹೇಗೆ ಮಾತಾಡಲಿ?

ಈಗ ಆ ಮನೆಯಲ್ಲಿ ಬೇರೆ ಯಾರೋ ಇದ್ದಾರೆ. ಫೋನಿನ ನಕಾಶೆಯಲ್ಲಿ ಯಹೂದಿ ಕೇರಿ ಇನ್ನೂ ಇದೆ. ರವಿವಾರ ಬೆಳಿಗ್ಗೆ ಜನ ಬಂದು, ಆಚೀಚೆ ನೋಡಿ, ಯಾರನ್ನೂ ಕಾಣದೆ ಹೋಗುತ್ತಾರಂತೆ. ಅವಲಕ್ಕಿಯ ಡಬ್ಬಿ ಕಂಡ ವಾರವೇ ನಾನೂ ಹೋದೆ, ಗಲ್ಲಿಯಾಚೆಯ ಆ ಸ್ಮಶಾನಕ್ಕೆ. ಅಕ್ಕನ ಕಲ್ಲು, ತಮ್ಮನ ಕಲ್ಲು. ಗೇಟಿಗೆ ಬೀಗ ಇರಲಿಲ್ಲ. ಒಳಗೆ ಒಬ್ಬಳೇ ನಿಂತೆ. ಮೌಶಿ ಹೋದ ಮೇಲೆ ಕದ್ದಿಶ್ ಪ್ರಾರ್ಥನೆಯನ್ನು ಒಂದೊಂದೇ ಅಕ್ಷರ ಕೂಡಿಸಿ ಬಾಯಿಪಾಠ ಮಾಡಿಕೊಂಡಿದ್ದೇನೆ. ಕೇಳಿಸಿಕೊಳ್ಳುವವರು ಮೇಲೆ ಯಾರೂ ಇಲ್ಲವೆಂದು ಇವತ್ತಿಗೂ ವಾದಿಸಬಲ್ಲೆ. ಹೇಳುವವರು ಕೆಳಗೆ ಯಾರೂ ಇಲ್ಲವೆಂಬುದಕ್ಕೆ ವಾದವೇ ಬೇಕಿಲ್ಲ.

ಹೇಳಿಬಿಡಬಹುದಿತ್ತು. ತಡೆಯುವವರಿರಲಿಲ್ಲ, ಎಣಿಸುವವರೂ ಇರಲಿಲ್ಲ... ಮೌಶಿ ಒಪ್ಪುತ್ತಿರಲಿಲ್ಲ. ಮಾತನ್ನು ಬಾಯಲ್ಲೇ ಇಟ್ಟುಕೊಂಡು ಹೊರಗೆ ಬಂದು ಗೇಟು ಎಳೆದೆ.