ಕಡಿಯದ ಎಳೆ

ಇಳಕಲ್ಲಿನ ನಮ್ಮ ಓಣಿಗೆ ವಿದ್ಯುತ್ ಮಗ್ಗ ಇನ್ನೂ ಬಂದಿರದ ಎಪ್ಪತ್ತರ ದಶಕದ ಮಾತು. ನೇಕಾರರ ಮನೆಗೆ ಇಲಿಯೆಂದರೆ ಶತ್ರು. ಅಂಥದ್ದರಲ್ಲಿ ಇಲಿ ಸಾಕಿದವಳು ಎದುರುಮನೆಯ ಆಯಿ ಒಬ್ಬಳೇ. ಬಾಗಲಕೋಟೆಯ ಕಾಲೇಜಿನ ಪ್ರಯೋಗಾಲಯದಲ್ಲಿ ಜವಾನನಾಗಿದ್ದ ಅವಳ ತಮ್ಮ ತಂದುಕೊಟ್ಟ ಬಿಳಿ ಇಲಿ ಅದು. ಆಯಿ ಕುಣಿಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಸೀರೆ ನೇಯುವಾಗ ಅವಳ ಮಡಿಲಲ್ಲೇ ಮಲಗಿರುತ್ತಿತ್ತು. ಎಚ್ಚರವಾದರೆ ಒಂದೆರಡು ಎಳೆ ಕಡಿಯದೆ ಬಿಡುತ್ತಿರಲಿಲ್ಲ. ತುಂಡಾದ ಎಳೆಯನ್ನು ಹೊಸೆದು ಕೂಡಿಸುತ್ತ ಆಯಿ ಬೈಯುತ್ತಿದ್ದಳು: "ಹೊಟ್ಟಿಗಿ ಹಾಕೂದಿಲ್ಲೇನಲೇ ನಾ ನಿನಗ?" ದಿನವೂ ಅದೇ ಮಾತು ನಮ್ಮ ಕಟ್ಟೆಯವರೆಗೂ ಕೇಳುತ್ತಿತ್ತು.

ಒಂದು ಮುಂಜಾನೆ ಆ ಬೈಗುಳ ಕೇಳಲಿಲ್ಲ. ಅವ್ವ, ನಾನು ಹೋಗಿ ನೋಡಿದರೆ ಆಯಿ ಲಾಳಿ ಹಿಡಿದುಕೊಂಡು ನೇಯದೆ ಕೂತಿದ್ದಳು.

"ನಿನ್ನಿಯಿಂದ ಇದು ಒಂದು ಎಳಿನೂ ಕಡದಿಲ್ಲವ್ವಾ," ಎಂದಳು.

"ಚಲೋ ಆತು ಬಿಡ್ರಿ ಆಯಿ, ಕಾಟ ತಪ್ಪಿತು," ಎಂದಳು ಅವ್ವ.

ಆಯಿ ಇಲಿಯನ್ನು ಮಡಿಲಿನಿಂದ ನೆಲಕ್ಕೆ ಬಿಟ್ಟಳು. ಅದು ಹಿಂಗಾಲು ಎಳೆಯುತ್ತಿತ್ತು. ಅದರ ಕಣ್ಣಿನ ಸುತ್ತ ಕೆಂಪು ನೀರು ಒಣಗಿತ್ತು. ಅವಳು ಸೆರಗಿನ ತುದಿ ಒದ್ದೆ ಮಾಡಿ ಅದನ್ನು ಒರೆಸಿದಳು. ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ, ಕಿವುಚಿ, ಬೆರಳಿನಿಂದ ಬಾಯಿಗಿಟ್ಟಳು. ಸಂಜೆಗೆ ಇಲಿ ಅದನ್ನೂ ಒಲ್ಲೆಂದಿತು.

ಆಗ ಆಯಿ ಮಗ್ಗದ ಮೇಲಿದ್ದ ಕೆಂಪು ರೇಷ್ಮೆಯ ಒಂದು ಎಳೆಯನ್ನು ಎತ್ತಿ ಅದರ ಹಲ್ಲಿಗೆ ತಾಗಿಸಿ ಹಿಡಿದಳು.

"ಕಡಿಯೋ ನಮ್ಮಪ್ಪಾ," ಎಂದಳು. "ನಾ ಬೈಯೂದಿಲ್ಲ."