ಹುಳದ ತಟ್ಟೆಯ ಪೇಪರು

ಟೀವಿ ಕ್ವಿಜ್‌ಗೆ ನಾನು ಪುಸ್ತಕ ಓದಿ ತಯಾರಾದೆ ಅಂತ ಊರೆಲ್ಲ ನಂಬಿದೆ. ನಂಬಿಸಿದವಳು ನಾನೇ.

ನಾನು ಚಿಂತಾಮಣಿಯವಳು, ಬಿ.ಎಸ್ಸಿ. ಮುಗಿಸಿದವಳು. ಶಿಡ್ಲಘಟ್ಟದ ಹತ್ತಿರ ಮೇಲೂರಿಗೆ ಸೊಸೆಯಾಗಿ ಬಂದಾಗ ಈ ಮನೆಯಲ್ಲಿ ಮನುಷ್ಯರಿಗಿಂತ ರೇಷ್ಮೆ ಹುಳಕ್ಕೇ ಹೆಚ್ಚು ಜಾಗವಿತ್ತು. ಹುಳ ಸಾಕುವ ತಟ್ಟೆಗಳಿಗೆ ಅಡಿಯಲ್ಲಿ ಹಳೇ ಪೇಪರ್ ಹಾಸುತ್ತಾರೆ. ಆರನೇ ಕ್ಲಾಸಿಗೆ ಶಾಲೆ ಬಿಟ್ಟಿದ್ದ ನಮ್ಮ ಅತ್ತೆ ಒಂದು ಹಾಳೆಯನ್ನೂ ಓದದೆ ಹಾಸಿದವರಲ್ಲ. ಯಾವ ವರ್ಷದ್ದು, ಎಲ್ಲಿ ಹರಿದದ್ದು ಅನ್ನುವುದು ಅವರಿಗೆ ಮುಖ್ಯವಲ್ಲ. ಹಾಗಾಗಿ ಎಂದೋ ಕುರ್ಚಿ ಬಿಟ್ಟ ಮಂತ್ರಿಗಳೆಲ್ಲ ಅವರ ತಲೆಯಲ್ಲಿ ಇನ್ನೂ ಅಧಿಕಾರದಲ್ಲಿದ್ದರು. ಆದರೆ ನದಿ, ಗ್ರಹ, ಪ್ರಾಣಿ, ಪಕ್ಷಿ ಚುನಾವಣೆಗೆ ಬದಲಾಗುವಂಥವಲ್ಲವಲ್ಲ. ಅದರಲ್ಲಿ ಅತ್ತೆಯನ್ನು ಸೋಲಿಸುವುದು ನನ್ನ ಕೈಯಲ್ಲಿ ಆಗುತ್ತಿರಲಿಲ್ಲ.

ಟೀವಿಯಲ್ಲಿ ಆ ಕಾರ್ಯಕ್ರಮ ಶುರುವಾದಾಗ ನನಗೆ ಹುಚ್ಚು ಹಿಡಿಯಿತು. ಚಿಕ್ಕಬಳ್ಳಾಪುರದ ಬಸ್‌ಸ್ಟ್ಯಾಂಡಿನ ಅಂಗಡಿಯಿಂದ ಸಾಮಾನ್ಯ ಜ್ಞಾನದ ದಪ್ಪ ಪುಸ್ತಕ ತಂದೆ. ಸಂಜೆ ಹುಳಕ್ಕೆ ಸೊಪ್ಪು ಹಾಕುತ್ತ ಅತ್ತೆ ಸೊಸೆ ಪ್ರಶ್ನೋತ್ತರಕ್ಕೆ ಇಳಿಯುತ್ತಿದ್ದೆವು. ಪುಸ್ತಕದ್ದು ನನಗೆ ನಿದ್ದೆ ತರಿಸುತ್ತಿತ್ತು. ಅತ್ತೆ ಹೇಳಿದ್ದು ಮಾತ್ರ ಉಳಿಯುತ್ತಿತ್ತು, ಯಾಕೆಂದರೆ ಅವರು ಪ್ರತಿಯೊಂದಕ್ಕೂ ತಮ್ಮದೊಂದು ಒಗ್ಗರಣೆ ಹಾಕುತ್ತಿದ್ದರು.

"ಆಕ್ಟೋಪಸ್‌ಗೆ ಎಷ್ಟು ಹೃದಯ ಹೇಳಮ್ಮ?"

"ಒಂದೇ ಅಲ್ವಾ ಅತ್ತೆ?"

"ಮೂರಂತೆ ಕಣಮ್ಮ. ಮೂರಿಟ್ಕೊಂಡು ಏನ್ಮಾಡ್ತದೋ. ನಮಗೆ ಇರೋ ಒಂದನ್ನೇ ಸಂಭಾಳಿಸಕ್ಕಾಗ್ತಿಲ್ಲ."

ನಾನು ಸರಿ ಹೇಳಿದರೆ "ಮಂಚಿದಿ" ಅನ್ನುತ್ತಿದ್ದರು. ಅವರ ತವರು ಗೌರಿಬಿದನೂರಿನ ಆಚೆ, ಆಂಧ್ರದ ಗಡಿಗೆ ಅಂಟಿಕೊಂಡ ಹಳ್ಳಿ. ಖುಷಿಯಾದರೂ ಸಿಟ್ಟು ಬಂದರೂ ಬಾಯಿಗೆ ಮೊದಲು ಬರುವುದು ತೆಲುಗೇ.

ಎರಡು ವರ್ಷ ಹೀಗೆ ಕಳೆದ ಮೇಲೆ ಒಂದು ದಿನ ಕಾರ್ಯಕ್ರಮದವರಿಂದ ಫೋನ್ ಬಂತು. ನಾನು ಆಯ್ಕೆಯಾಗಿದ್ದೆ. ಜೊತೆಗೆ ಮನೆಯವರೊಬ್ಬರು ಬರಬಹುದು, ಅವರನ್ನೂ ಟೀವಿಯಲ್ಲಿ ತೋರಿಸುತ್ತೇವೆ ಅಂದರು. ಹೊರಡುವ ಹಿಂದಿನ ದಿನ ಅತ್ತೆ ಪೆಟ್ಟಿಗೆಯಿಂದ ಹಸಿರು ರೇಷ್ಮೆ ಸೀರೆ ತೆಗೆದು ಗಾಳಿಗೆ ಹರವಿದರು.

ಅದನ್ನು ನೋಡಿದ್ದೇ ನನಗೆ ಎಲ್ಲ ಕಣ್ಣಿಗೆ ಕಟ್ಟಿತು. ಕ್ಯಾಮೆರಾ ಮುಂದೆ ಅತ್ತೆಯ ಅರ್ಧ ತೆಲುಗು, ಸೊಪ್ಪಿನ ಕಲೆ ಬಿಡದ ಬೆರಳು, ಅದನ್ನೆಲ್ಲ ನನ್ನ ಕಾಲೇಜಿನ ಗೆಳತಿಯರು ನೋಡುವುದು. ನನಗೆ ನಾಚಿಕೆಯಾಯಿತು. ಈಗ ಬರೆಯುವಾಗ ಆ ನಾಚಿಕೆಯನ್ನು ನೆನೆದೇ ನಾಚಿಕೆಯಾಗುತ್ತಿದೆ. ಕಾನ್ವೆಂಟಿನಲ್ಲಿ ಓದಿದ ನನ್ನ ತಂಗಿಗೆ ಆಗಲೇ ಬರಲು ಹೇಳಿಬಿಟ್ಟಿದ್ದೆ.

"ಅತ್ತೆ, ನೀವೂ ಬಂದ್ರೆ ಹುಳಕ್ಕೆ ಸೊಪ್ಪು ಹಾಕೋರು ಯಾರು? ತಂಗೀನ ಕರ್ಕೊಂಡು ಹೋಗ್ತೀನಿ."

"ಸರೇಲೇ ಅಮ್ಮ. ಹುಳ ಬಿಟ್ಟು ಬರಕ್ಕಾಗ್ತದಾ," ಅಂದು ಅತ್ತೆ ಸೀರೆ ಮಡಚಿದರು.

ಮಾರನೇ ದಿನ ಸ್ಟುಡಿಯೋಗೆ ಹೊರಟ ಬಸ್ಸು ಇಲ್ಲೇ ಹತ್ತಿರದ ವಿಜಯಪುರ ದಾಟಿದ ಮೇಲೆ ನನಗೆ ಹೊಳೆಯಿತು. ನಾನು ಆ ಮಾತು ಹೇಳುವಾಗ ಹುಳ ನಾಲ್ಕನೇ ಜ್ವರಕ್ಕೆ ಕೂತಿದ್ದವು. ಜ್ವರವೆಂದರೆ ಕಾಯಿಲೆಯಲ್ಲ. ಪೊರೆ ಬಿಡುವ ಮುಂಚೆ ಹುಳ ತಲೆಯೆತ್ತಿ ಅಲುಗದೆ ಕೂರುತ್ತದೆ, ಒಂದು ದಿನಕ್ಕೂ ಮಿಕ್ಕಿ ಸೊಪ್ಪು ಮುಟ್ಟುವುದಿಲ್ಲ. ಮೇಲೂರಿನಲ್ಲಿ ಇದು ಮಕ್ಕಳಿಗೂ ಗೊತ್ತು. ಮೂವತ್ತು ವರ್ಷ ಹುಳ ಸಾಕಿದವರ ಮುಂದೆ ನಾನು ಅಂಥ ಸುಳ್ಳು ಹೇಳಿದ್ದೆ, ಅವರು ಅದನ್ನು ಹೊಟ್ಟೆಗೆ ಹಾಕಿಕೊಂಡಿದ್ದರು. ಬಸ್ಸಿಳಿದು ವಾಪಸ್ ಹೋಗಬಹುದಿತ್ತು. ಹೋಗಲಿಲ್ಲ.

ಸ್ಟುಡಿಯೋದಲ್ಲಿ ನಾಲ್ಕನೆಯದಾಗಿ ಬಂದದ್ದು ಅದೇ ಆಕ್ಟೋಪಸ್ಸಿನ ಪ್ರಶ್ನೆ. ಆಯ್ಕೆಗಳನ್ನು ಓದಿ ಮುಗಿಸುವ ಮುಂಚೆಯೇ ಮೂರು ಅಂದೆ.

"ಯೋಚನೇನೇ ಮಾಡಲಿಲ್ಲ ನೀವು. ಯಾರು ಹೇಳ್ಕೊಟ್ರು ಇದನ್ನ?" ಅಂದರು ಕಾರ್ಯಕ್ರಮ ನಡೆಸುವವರು.

"ಯಾರೂ ಇಲ್ಲ ಸರ್. ಪುಸ್ತಕ ಓದ್ತೀನಿ."

ಚಪ್ಪಾಳೆ ಬಿತ್ತು. ಮುಂದಿನ ಪ್ರಶ್ನೆಗೇ ಸೋತು ಮನೆಗೆ ಬಂದೆ.

ಅದು ಟೀವಿಯಲ್ಲಿ ಬಂದ ದಿನ ಅಕ್ಕಪಕ್ಕದ ಹೆಂಗಸರೆಲ್ಲ ನಮ್ಮ ನಡುಮನೆಯಲ್ಲಿ ಸೇರಿದ್ದರು. ಅತ್ತೆ ಆ ಹಸಿರು ಸೀರೆಯುಟ್ಟು ಎಲ್ಲರಿಗಿಂತ ಮುಂದೆ ಕೂತಿದ್ದರು. ಪ್ರಶ್ನೆ ಬಂದಾಗ ತೆರೆಯ ಮೇಲಿನ ನನಗಿಂತ ಮೊದಲೇ "ಮೂರು" ಅಂದರು. ಅದರ ಹಿಂದೆಯೇ ನನ್ನ "ಯಾರೂ ಇಲ್ಲ ಸರ್" ಕೇಳಿಸಿತು. ಪಕ್ಕದ ಮನೆಯಾಕೆ ತಿರುಗಿ ಅತ್ತೆಯ ಮುಖ ನೋಡಿದಳು.

"ಪುಸ್ತಕದಲ್ಲೂ ಇರ್ತದಮ್ಮ ಅದು," ಅಂದರು ಅತ್ತೆ. ಎಲ್ಲರಿಗೂ ಕಾಫಿ ತರಲು ಎದ್ದರು.

ಹತ್ತಿದ ಏಣಿಯನ್ನು ಒದೆಯುವುದು ಅನ್ನುತ್ತಾರಲ್ಲ, ನಾನು ಮಾಡಿದ್ದು ಅದನ್ನೇ. ಆಗಲಾದರೂ ಆ ಹೆಂಗಸರ ಮುಂದೆ ನಿಜ ಹೇಳಬಹುದಿತ್ತು. ಲೋಟ ಎಣಿಸುವ ನೆಪದಲ್ಲಿ ತಲೆ ತಗ್ಗಿಸಿದೆ.

ಅತ್ತೆ ಈ ಮಾತನ್ನು ಎಂದೂ ಎತ್ತಿ ಆಡಿಲ್ಲ. ಆದರೆ ಅಂದಿನಿಂದ ಒಂದು ಪ್ರಶ್ನೆಯನ್ನೂ ಕೇಳಿಲ್ಲ. ಪೇಪರ್ ಬಿಡಿಸುತ್ತಾರೆ, ಹಾಸುತ್ತಾರೆ. ಹೋದ ವಾರ ನಾನೇ ಧೈರ್ಯ ಮಾಡಿದೆ. ತಪ್ಪಾಯಿತು ಅನ್ನಲು ಬಾಯಿ ಬರಲಿಲ್ಲ, ಆಟವನ್ನಾದರೂ ಮತ್ತೆ ಶುರು ಮಾಡೋಣ ಅಂದುಕೊಂಡೆ.

"ಅತ್ತೆ, ಜೇನುಹುಳಕ್ಕೆ ಎಷ್ಟು ಕಣ್ಣು ಹೇಳಿ ನೋಡಣ."

ಐದು. ನನಗೆ ಅದನ್ನು ಹೇಳಿಕೊಟ್ಟವರೇ ಅವರು.

ಅತ್ತೆ ತಟ್ಟೆಯಿಂದ ತಲೆ ಎತ್ತಲಿಲ್ಲ. ದನಿಯಲ್ಲಿ ಸಿಟ್ಟೇನೂ ಇರಲಿಲ್ಲ.

"ನಂಗೇನ್ ಗೊತ್ತಮ್ಮ," ಅಂದರು. "ಹುಳಕ್ಕೆ ಸೊಪ್ಪು ಹಾಕೋಳು ನಾನು."