ಟಚಪ್ ಅಕ್ಕನ ಕಪ್ಪು ಪರದೆ

ನಮ್ಮ ಸ್ಟುಡಿಯೋದಲ್ಲಿ ಫೋಟೋ ತೆಗೆಯುವವರು ಮಾಲೀಕರು, ಮುಖ ಮಾಡುವವಳು ಟಚಪ್ ಅಕ್ಕ. ಮೊಡವೆ, ಮಚ್ಚೆ, ನಿದ್ದೆಗೆಟ್ಟ ಕಣ್ಣಿನ ಕೆಳಗಿನ ಕಪ್ಪು, ಬೆಳಗ್ಗೆ ಗಂಡನ ಜೊತೆ ಆಡಿ ಬಂದ ಜಗಳ, ಎಲ್ಲವನ್ನೂ ಒರೆಸಿ ಕೊಡುವವಳು ಅವಳು. ಮೂವತ್ತೊಂದು ವರ್ಷದಿಂದ ಅದೇ ಕೆಲಸ. ಮೊದಮೊದಲು ನೆಗೆಟಿವ್ ಮೇಲೆ ಸೀಸದಕಡ್ಡಿ ಆಡಿಸುತ್ತಿದ್ದಳು, ಆಮೇಲೆ ಕಂಪ್ಯೂಟರಿನಲ್ಲಿ ಮೌಸ್ ಹಿಡಿದಳು. ನಾನು ಕೌಂಟರಿನವಳು. ನನಗೂ ಅವಳಿಗೂ ನಡುವೆ ಒಂದು ಪರದೆ ಬಟ್ಟೆ ಅಷ್ಟೇ. ಅವಳ ವಿಷಯ ಹೇಳುವುದಕ್ಕೆ ನನಗಿಂತ ಯೋಗ್ಯರು ಯಾರೂ ಇಲ್ಲ, ಮಾಲೀಕರಂತೂ ಅಲ್ಲವೇ ಅಲ್ಲ.

ಮಾಲೀಕರು ಅವಳ ಸ್ವಂತ ಮೈದುನ. ಅವಳು ಮದುವೆಯಾಗಿ ಬಂದಾಗ ಇವರು ಶಾಲೆಗೆ ಹೋಗುತ್ತಿದ್ದರಂತೆ. ಈಗ ಅವಳ ಗಂಡ ಇಲ್ಲ, ಮಕ್ಕಳಿಲ್ಲ. ಇರುವುದು ಎರಡು ಕೋಣೆಯ ಮನೆ, ಮತ್ತೆ ಸ್ಟುಡಿಯೋದ ಈ ಕುರ್ಚಿ. ಮನೆಗೆ ಅವಳು ಹೋಗುವುದು ಮಲಗುವುದಕ್ಕೆ.

ಎರಡು ವರ್ಷದ ಹಿಂದೆ ಅವಳ ಬಲಗೈ ನಡುಗಲು ಶುರುವಾಯಿತು. ಡಾಕ್ಟರು ಮಾತ್ರೆ ಕೊಟ್ಟರು, ನಡುಕ ಕೇಳಲಿಲ್ಲ. ಲೋಟ ಹಿಡಿದರೆ ಅರ್ಧ ಚಹಾ ತಟ್ಟೆಗೆ. ಅದನ್ನಾದರೂ ತಡೆದುಕೊಳ್ಳಬಹುದಿತ್ತು, ಮೌಸ್ ಹಿಡಿದರೆ ಇನ್ನೊಬ್ಬರ ಮುಖವೇ ಹೋಗುತ್ತಿತ್ತು. ಒಬ್ಬ ಮದುಮಗನ ಮೂಗಿನ ತುದಿ ಕಿವಿಯ ಕಡೆಗೆ ಎಳೆದುಹೋದ ದಿನ ಅಕ್ಕ ಮೌಸನ್ನು ಡ್ರಾಯರಿಗೆ ಹಾಕಿ ಬೀಗ ಹಾಕಿದಳು.

"ಅತ್ತಿಗೆ, ಇಷ್ಟು ವರ್ಷ ದುಡಿದಿದ್ದೀರಿ, ಇನ್ನು ಆರಾಮಾಗಿರಿ" ಎಂದರು ಮಾಲೀಕರು. ಅವರ ಮಾತು ಯಾವಾಗಲೂ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಮನೆಗೆ ಹೋಗಿ ಎನ್ನಲಿಲ್ಲ, ಇರಿ ಎಂದೂ ಅನ್ನಲಿಲ್ಲ. ನನಗಂತೂ ಮೈ ಉರಿಯಿತು. ಬೈದರೆ ತಿರುಗಿ ಬೈಯಬಹುದು. ಕನಿಕರಕ್ಕೆ ಏನು ಉತ್ತರ ಕೊಡುವುದು?

ಅಕ್ಕ ಅಂದೇ ಪ್ರಿಂಟರ್ ರಿಪೇರಿಗೆ ಬಂದಿದ್ದವನನ್ನು ಹಿಡಿದು ಕೂರಿಸಿ, "ಮೌಸ್ ಇಲ್ದೆ ಫೋಟೋ ತಿದ್ದೋಕೆ ಆಗುತ್ತಾ?" ಎಂದು ಕೇಳಿದಳು. ಅವನು ತಲೆ ಕೆರೆದುಕೊಂಡು, "ಆಗುತ್ತೆ ಅಕ್ಕ, ಆದ್ರೆ ಎಲ್ಲಾ ಟೈಪ್ ಮಾಡ್ಬೇಕು" ಎಂದ. ಒಂದು ಪುಟ್ಟ ಪೇಂಟ್ ಪ್ರೋಗ್ರಾಂ ಹಾಕಿಕೊಟ್ಟ. ಅದಕ್ಕೆ ಬ್ರಷ್ಷಿನ ಚಿತ್ರ, ಬಣ್ಣದ ಡಬ್ಬಿ ಏನೂ ಇಲ್ಲ. ಬರೀ ಕಪ್ಪು ಪರದೆ, ಅದರಲ್ಲಿ ಮಿಟುಕುವ ಒಂದು ಗೆರೆ. ಪ್ರೋಗ್ರಾಮಿನ ಹೆಸರು, ಅದರ ಮುಂದೆ ಫೋಟೋದ ಹೆಸರು, ಅದರ ಮುಂದೆ ಏನಾಗಬೇಕೋ ಅದು: ಕತ್ತರಿಸು, ಬೆಳಕು ಹೆಚ್ಚಿಸು, ಚುಕ್ಕಿ ಒರೆಸು, ಸೇವ್ ಮಾಡು. ಎಂಟರ್ ಒತ್ತಿದರೆ ಅಷ್ಟೂ ಆಗುತ್ತದೆ. ಅವನು ಒಂದು ಹಾಳೆಯಲ್ಲಿ ಬರೆದುಕೊಟ್ಟು ಹೋದ.

ಅಕ್ಕ ಹುಡುಗಿಯಾಗಿದ್ದಾಗ ಟೈಪಿಂಗ್ ಕಲಿತಿದ್ದವಳು. ನಡುಗುವ ಬೆರಳು ಒಂದು ಅಕ್ಷರವನ್ನು ಮೂರು ಸಲ ಒತ್ತಿಬಿಡುತ್ತಿತ್ತು. ಪರದೆ ಆಗ 'ಇದು ನನಗೆ ಗೊತ್ತಿಲ್ಲ' ಎಂದು ಸುಮ್ಮನಾಗುತ್ತಿತ್ತು. ಮೊದಲ ವಾರ ನಾನು ಲೆಕ್ಕ ಇಡಲು ಹೋಗಿ ಬಿಟ್ಟೆ, ದಿನಕ್ಕೆ ಅಷ್ಟು ಸಲ ಗೊತ್ತಿಲ್ಲ ಎನ್ನಿಸಿಕೊಳ್ಳುತ್ತಿದ್ದಳು.

"ಬೇಜಾರಾಗಲ್ವಾ ಅಕ್ಕಾ?" ಎಂದೆ ಒಂದು ದಿನ.

"ಯಾಕೆ ಬೇಜಾರು? ಮೌಸ್ ನನ್ನ ನಡುಕಾನೂ ಬರೆದುಬಿಡ್ತಿತ್ತು ಕಣೇ. ಇದು ಹಾಗಲ್ಲ. ತಪ್ಪಿದ್ರೆ ಒಳಗೇ ಬಿಟ್ಕೊಳ್ಳಲ್ಲ. ನಾನು ಸರಿಯಾಗಿ ಹೇಳೋವರೆಗೂ ಕಾಯುತ್ತೆ. ನನ್ನ ಗಂಡಾನೂ ಇಷ್ಟು ಕಾದಿಲ್ಲ."

ಮಚ್ಚೆ ಎಲ್ಲಿದೆ ಎಂದು ಬೆರಳಿಟ್ಟು ತೋರಿಸುವ ಹಾಗಿಲ್ಲವಲ್ಲ, ಎಡದಿಂದ ಇಷ್ಟು, ಮೇಲಿಂದ ಇಷ್ಟು ಎಂದು ಅಂಕಿಯಲ್ಲೇ ಹೇಳಬೇಕು. ಅದಕ್ಕೊಂದು ಉಪಾಯ ಮಾಡಿದಳು. ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ಮೇಲೆ ನನ್ನಿಂದ ಚೌಕಗಳನ್ನು ಗೀಚಿಸಿ, ಅಂಚಿಗೆ ಅಂಕಿ ಬರೆಸಿ, ಪರದೆಯ ಗಾಜಿಗೆ ಅಂಟಿಸಿದಳು. ಫೋಟೋ ತೆರೆದರೆ ಗಿರಾಕಿಯ ಮುಖ ಆ ಚೌಕಗಳ ಹಿಂದೆ ಜೈಲಿನಲ್ಲಿದ್ದ ಹಾಗೆ ಕಾಣುತ್ತಿತ್ತು. "ಎಡದಿಂದ ನೂರ ನಲವತ್ತು, ಮೇಲಿಂದ ಇನ್ನೂರ ಹತ್ತು" ಎಂದು ಗಟ್ಟಿಯಾಗಿ ಓದಿಕೊಂಡು ಟೈಪ್ ಮಾಡುತ್ತಿದ್ದಳು. ಪೂರ್ತಿ ಸಾಲನ್ನು ಮತ್ತೊಮ್ಮೆ ಓದಿದ ಮೇಲೆಯೇ ಎಂಟರ್. ಒಂದು ಮುಖಕ್ಕೆ ಮೊದಲು ಒಂದು ಗಂಟೆ ಹಿಡಿಯುತ್ತಿತ್ತು, ಮೂರು ತಿಂಗಳಲ್ಲಿ ಹತ್ತು ನಿಮಿಷಕ್ಕೆ ಇಳಿಯಿತು.

ಹತ್ತು ನಿಮಿಷವೂ ಮಾಲೀಕರಿಗೆ ಹೆಚ್ಚೇ. ಊರಾಚೆಯ ಹೊಲಿಗೆ ಕಾರ್ಖಾನೆಯಿಂದ ನಾನೂರ ಹನ್ನೆರಡು ಜನರ ಗುರುತಿನ ಚೀಟಿಯ ಕೆಲಸ ಬಂತು, ಶನಿವಾರದೊಳಗೆ ಮುಗಿಯಬೇಕು. ಅವರೇ ಹೋಗಿ ಫೋಟೋ ತೆಗೆದು ತಂದರು. ಮಂಗಳವಾರ ಬೆಳಗ್ಗೆ ಅಕ್ಕನ ಕುರ್ಚಿಯ ಹಿಂದೆ ನಿಂತು ಕೊನೆಗೂ ದೀಪವನ್ನು ಗೋಡೆಯಿಂದ ಇಳಿಸಿದರು.

"ಅತ್ತಿಗೆ, ಬೇರೊಬ್ಬರಿಗೆ ಹೇಳಿಟ್ಟಿದ್ದೀನಿ. ಇದು ನಿಮ್ಮಿಂದ ಆಗ್ಲಿಲ್ಲ ಅಂದ್ರೆ ಅವ್ರು ಸೋಮವಾರ ಬಂದು ಈ ಕುರ್ಚೀಲಿ ಕೂತ್ಕೊತಾರೆ. ತಪ್ಪು ತಿಳ್ಕೋಬೇಡಿ."

"ಶನಿವಾರ ಇನ್ನೂ ಬಂದಿಲ್ಲ ಕಣೋ" ಎಂದಳು ಅಕ್ಕ, ತಿರುಗಿ ನೋಡದೆ.

ಅವಳ ಲೆಕ್ಕಾಚಾರ ಸರಿಯಾಗಿಯೇ ಇತ್ತು. ಒಂದೊಂದೇ ಫೋಟೋಗೆ ಅಪ್ಪಣೆ ಕೊಡುವ ಬದಲು ಎಲ್ಲ ಅಪ್ಪಣೆಗಳನ್ನೂ ಸಾಲಾಗಿ ಬರೆದಿಟ್ಟು, ಇಡೀ ಫೋಲ್ಡರಿನ ಮೇಲೆ ಒಮ್ಮೆಗೇ ಓಡಿಸಬಹುದು. ರಿಪೇರಿಯವನಿಗೆ ಫೋನ್ ಮಾಡಿ ಅದನ್ನೂ ಕೇಳಿಕೊಂಡಳು. ಬುಧವಾರ ಮಧ್ಯಾಹ್ನ ಎಂಟರ್ ಒತ್ತಿದಳು. ನಾವಿಬ್ಬರೂ ಚಹಾ ಕುಡಿದು ಮುಗಿಸುವಷ್ಟರಲ್ಲಿ ನಾನೂರ ಹನ್ನೆರಡು ಮುಖಗಳು ಒಂದೇ ಅಳತೆ, ಒಂದೇ ಬೆಳಕು. ನಾನು ಚಪ್ಪಾಳೆ ತಟ್ಟಿದೆ. ಮಾಲೀಕರು ನೋಡಿ ಒಪ್ಪಲೆಂದು ಅಷ್ಟನ್ನೂ ಅಂದೇ ಕಾರ್ಖಾನೆಗೆ ಕಳಿಸಿದರು.

ಗುರುವಾರ ಬೆಳಗ್ಗೆ ಕಾರ್ಖಾನೆಯ ಗುಮಾಸ್ತೆ ಫೋನ್ ಮಾಡಿದರು. ಫೋನ್ ಎತ್ತಿದ್ದು ನಾನು.

"ಏನಮ್ಮಾ ಇದು? ಚೀಟಿ ಮೇಲೆ 'ಗುರುತು: ಬಲಗೆನ್ನೆಯ ಮೇಲೆ ಮಚ್ಚೆ' ಅಂತ ಅಚ್ಚಾಗುತ್ತೆ. ಫೋಟೋದಲ್ಲಿ ಮಚ್ಚೆ ಇಲ್ಲ. ಗೇಟಿನವನು ಒಳಗೆ ಬಿಡ್ತಾನಾ? ಮಚ್ಚೆ, ಗಾಯದ ಕಲೆ, ಎಲ್ಲಾ ಮಾಯ. ಒಬ್ರಲ್ಲ ಇಬ್ರಲ್ಲ, ಅರವತ್ಮೂರು ಜನ!"

ನಾನು ಪರದೆ ಬಟ್ಟೆ ಸರಿಸಿ ಅಕ್ಕನಿಗೆ ಹೇಳಿದೆ. ಅಕ್ಕ ತಾನು ಬರೆದ ಸಾಲುಗಳನ್ನು ತೆರೆದಳು. ಕತ್ತರಿಸು, ಬೆಳಕು, ಅಳತೆ. ಮೂರೇ ಸಾಕಿತ್ತು. ನಾಲ್ಕನೆಯದಾಗಿ, ಅಂಕಿ ಕೊಡದಿದ್ದರೆ ಮುಖದ ಕಲೆಗಳನ್ನೆಲ್ಲ ಒರೆಸಿಬಿಡುವ 'ಚುಕ್ಕಿ ಒರೆಸು' ಎಂಬುದನ್ನೂ ಬರೆದಿದ್ದಳು. ಯಾರೂ ಹೇಳಿರಲಿಲ್ಲ. ಅಡುಗೆಯವಳ ಕೈ ತಾನಾಗಿ ಉಪ್ಪಿನ ಡಬ್ಬಿಗೆ ಹೋದ ಹಾಗೆ, ಮೂವತ್ತೊಂದು ವರ್ಷದ ಅಭ್ಯಾಸ. ಅದೂ ಸಾಲದೆಂದು, ಹಳೆಯ ಹೆಸರಿನಲ್ಲೇ ಸೇವ್ ಮಾಡಿದ್ದರಿಂದ ಮೂಲ ಫೋಟೋಗಳೂ ಅಳಿಸಿಹೋಗಿದ್ದವು. ಟಚಪ್ ಆಗದ ಮುಖವನ್ನು ನಮ್ಮ ಸ್ಟುಡಿಯೋ ಎಂದೂ ಉಳಿಸಿಕೊಂಡಿಲ್ಲ, ಅದನ್ನು ಯಾರಿಗೆ ತೋರಿಸಬೇಕು? ಕ್ಯಾಮೆರಾದ ಕಾರ್ಡನ್ನು ಮಾಲೀಕರು ಇನ್ನೊಂದು ಕೆಲಸಕ್ಕೆಂದು ಆಗಲೇ ಖಾಲಿ ಮಾಡಿದ್ದರು.

ಮಾಲೀಕರು ಕೂಗಾಡಲಿಲ್ಲ. ಸ್ಟೂಲ್ ಎಳೆದುಕೊಂಡು ಅಕ್ಕನ ಪಕ್ಕದಲ್ಲಿ ಕೂತರು. "ಹೋಗ್ಲಿ ಬಿಡಿ ಅತ್ತಿಗೆ. ಕಾರ್ಖಾನೆಯವ್ರ ಗುರುತಿನ ಪಟ್ಟಿ ನೋಡ್ಕೊಂಡು ಒಂದೊಂದು ಕಂದು ಚುಕ್ಕಿ ಇಟ್ಬಿಡ್ತೀನಿ. ಯಾರು ಅಳತೆ ಮಾಡ್ತಾರೆ? ನೀವು ಮನೆಗೆ ಹೋಗಿ. ಪಾಪ, ನಿಮ್ಮ ಕೈ..."

"ಕೈ ಸುದ್ದಿ ತೆಗೀಬೇಡ!" ಅಕ್ಕನ ದನಿ ಅಷ್ಟು ಎತ್ತರಕ್ಕೆ ಏರಿದ್ದನ್ನು ನಾನು ಕೇಳಿರಲಿಲ್ಲ. "ಇದು ಕೈ ಮಾಡಿದ ತಪ್ಪಲ್ಲ ಕಣೋ. ಕೈ ನೆಟ್ಟಗೆ ಇದ್ದಿದ್ರೂ ಇದೇ ತಪ್ಪು ಮಾಡ್ತಿದ್ದೆ. ಇದು ನನ್ನ ತಲೆ ಮಾಡಿದ್ದು. ತಲೆ ಇನ್ನೂ ಸರಿಯಾಗಿದೆ, ಅದೇ ಸರಿಮಾಡುತ್ತೆ. ಇನ್ನೊಬ್ರ ಮುಖದ ಮೇಲೆ ಅಂದಾಜಿಗೆ ಮಚ್ಚೆ ಇಡೋ ಹಕ್ಕು ನಿಂಗೂ ಇಲ್ಲ, ನಂಗೂ ಇಲ್ಲ. ಅರವತ್ಮೂರು ಜನರನ್ನೂ ಮತ್ತೆ ತೆಗೀಬೇಕು."

"ಅವ್ರ ಹತ್ರ ಹೋಗಿ ಏನಂತ ಹೇಳ್ತೀರಿ?"

"ನಾನು ತಪ್ಪು ಮಾಡ್ದೆ ಅಂತ. ಉಪ್ಪು ತಿಂದವಳು ನೀರು ಕುಡೀಲೇಬೇಕು."

ಶುಕ್ರವಾರ ಅವಳೂ ನಾನೂ ಬಸ್ಸಿನಲ್ಲಿ ಹೋದೆವು. ಮಾಲೀಕರಿಗೆ ಬೇರೆ ಕಡೆ ಶೂಟಿಂಗ್ ಇತ್ತಂತೆ. ಇತ್ತೋ ಇಲ್ಲವೋ, ನನಗೆ ಗೊತ್ತಿಲ್ಲ. ಹಳೆಯ ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಬಿಗಿದು, ಸೈಕಲ್ ನಿಲ್ಲಿಸುವ ಶೆಡ್ಡಿನ ಗೋಡೆಗೆ ಬೂದು ಬಟ್ಟೆ ಕಟ್ಟಿದೆವು. ಬಟನ್ ಒತ್ತುವುದು ನಾನು. ಅಕ್ಕ ಪಟ್ಟಿ ಹಿಡಿದು ಒಬ್ಬೊಬ್ಬರನ್ನೂ ಕರೆಯುತ್ತಿದ್ದಳು. ಊಟದ ಬಿಡುವಿನಲ್ಲಿ ಸಾಲುಗಟ್ಟಿ ನಿಲ್ಲಬೇಕಾದ ಸಿಟ್ಟು ಅವರಿಗೆ. ಒಬ್ಬೊಬ್ಬರಿಗೂ ಅಕ್ಕ ಅದೇ ಮಾತು ಹೇಳಿದಳು: "ತಪ್ಪು ನಂದು. ನಿಮ್ಮ ಮಚ್ಚೆ ಅಳಿಸ್ಬಿಟ್ಟಿದ್ದೆ." ಇಪ್ಪತ್ತನೆಯವರ ಹೊತ್ತಿಗೆ ಸಾಲಿನಲ್ಲಿ ನಗು ಶುರುವಾಯಿತು. "ನಮ್ಮತ್ತೇನೂ ಅಳಿಸಿಕೊಡ್ತೀರಾ ಅಕ್ಕಾ?" ಎಂದು ಒಬ್ಬಳು ಕೇಳಿದಳು.

ಇಸ್ತ್ರಿ ವಿಭಾಗದವಳೊಬ್ಬಳ ಕೆನ್ನೆಯ ಮೇಲೆ ಬೇಳೆಯಷ್ಟಗಲದ ಸುಟ್ಟ ಕಲೆ ಇತ್ತು. ನಾವು ತಂದಿದ್ದ, ಕಲೆ ಅಳಿಸಿದ ತನ್ನ ಫೋಟೋವನ್ನು ಅವಳು ಬಹಳ ಹೊತ್ತು ನೋಡಿದಳು. ಅಕ್ಕನ ಮುಖ ಕಪ್ಪಿಟ್ಟಿತು. "ಕ್ಷಮಿಸಮ್ಮಾ" ಎಂದಳು.

"ಇರಲಿ, ಇದೊಂದು ನಂಗೆ ಕೊಡಿ. ನಮ್ಮಣ್ಣನ ಮನೆಗೆ ಕಳಿಸ್ತೀನಿ, ಅವನ ಹೆಂಡ್ತಿ ಹೊಟ್ಟೆ ಉರ್ಕೊಳ್ಳಲಿ. ಚೀಟಿಗೆ ಮಾತ್ರ ಇದನ್ನೇ ಹಾಕಿ" ಎಂದು ಅವಳು ಕಲೆಯಿದ್ದ ಕೆನ್ನೆಯನ್ನು ತಾನೇ ಬೆಳಕಿಗೆ ತಿರುಗಿಸಿ ನಿಂತಳು. ಹಿಂತಿರುಗುವಾಗ ಬಸ್ಸಿನಲ್ಲಿ ಅಕ್ಕ ಕಿಟಕಿಯ ಕಡೆ ತಿರುಗಿ ಕೂತಳು. ಅವಳು ಅಳುತ್ತಿದ್ದಳು, ಸುಳ್ಳು ಯಾಕೆ ಹೇಳಲಿ.

ಶನಿವಾರ ಬೆಳಗ್ಗೆ ಮೊದಲು ಅರವತ್ತಮೂರು ಫೋಟೋಗಳನ್ನೂ ಬೇರೆ ಫೋಲ್ಡರಿಗೆ ನಕಲು ಮಾಡಿಟ್ಟಳು. ಆಮೇಲೆ ಸಾಲುಗಳನ್ನು ತೆರೆದು ನಾಲ್ಕನೆಯದನ್ನು ಒಂದೊಂದೇ ಅಕ್ಷರವಾಗಿ ಅಳಿಸಿದಳು. ಸೇವ್ ಮಾಡುವ ಹೆಸರು ಬದಲಿಸಿದಳು. ಅಂದು ಕೈ ಎಂದಿಗಿಂತ ಹೆಚ್ಚು ನಡುಗುತ್ತಿತ್ತು. ಪರದೆ ಹದಿನಾಲ್ಕು ಸಲ ಗೊತ್ತಿಲ್ಲ ಎಂದಿತು. ಮಾಲೀಕರು ಗಾಡಿಯ ಕೀಲಿ ಹಿಡಿದು ಹಿಂದೆಯೇ ನಿಂತಿದ್ದರು. ಗುಮಾಸ್ತೆಯಿಂದ ಎರಡು ಸಲ ಫೋನ್ ಬಂದಿತ್ತು.

ಹದಿನೈದನೆಯ ಸಲ ಸಾಲು ಸರಿಯಾಗಿ ಕೂತಿತು. ಅಕ್ಕ ಗಟ್ಟಿಯಾಗಿ ಓದಿದಳು, ಇನ್ನೊಮ್ಮೆ ಓದಿದಳು. ಬೆರಳು ಎಂಟರ್ ಕೀಲಿಯ ಮೇಲೆ ಗಾಳಿಯಲ್ಲಿ ಅದುರುತ್ತಿತ್ತು.

"ಅತ್ತಿಗೆ, ನಾನೇ ಒತ್ತಲಾ?" ಎಂದು ಮಾಲೀಕರು ಕೈ ಚಾಚಿದರು.

"ಕೈ ತೆಗಿ."

ಅವಳೇ ಒತ್ತಿದಳು. ಒಂದೊಂದಾಗಿ ಮುಖಗಳು ಬಂದವು. ಮಚ್ಚೆ, ಹುಬ್ಬಿನ ಮೇಲಿನ ಹೊಲಿಗೆ, ತುಟಿಯಂಚಿನ ಗಾಯದ ಕಲೆ, ಬೇಳೆಯಗಲದ ಸುಟ್ಟ ಕಲೆ. ನಾನು ಪಟ್ಟಿ ಓದಿದೆ, ಅಕ್ಕ ಗುರುತು ಹಾಕಿದಳು, ಅರವತ್ತಮೂರೂ ಸರಿಯಿದ್ದವು.

ಮಾಲೀಕರು ಫೋಟೋಗಳನ್ನು ತೆಗೆದುಕೊಂಡು ಬಾಗಿಲವರೆಗೆ ಹೋದವರು ಅಲ್ಲೇ ನಿಂತು ಫೋನ್ ತೆಗೆದರು. ಗುಮಾಸ್ತೆಗೆ ಮಾಡುತ್ತಿದ್ದಾರೆ ಎಂದುಕೊಂಡೆ.

"ಸೋಮವಾರ ಬರೋದು ಬೇಡಪ್ಪಾ" ಎಂದರು. ಆ ಕಡೆಯಿಂದ ಏನೋ ಕೇಳಿರಬೇಕು. ಒಮ್ಮೆ ತಿರುಗಿ ಅತ್ತಿಗೆಯ ಬೆನ್ನನ್ನು ನೋಡಿದರು. "ಇಲ್ಲ, ಕುರ್ಚಿ ಖಾಲಿ ಇಲ್ಲ."